ಟ್ಯಾಂಕ್ ತುಂಬಿದರೂ ನಿಲ್ಲದ ಮೋಟರ್: ಒಂದು ಹವ್ಯಾಸಿ ಓಪನ್ ಸೋರ್ಸ್ ಯೋಜನೆಯನ್ನು ಹದಕ್ಕೆ ತಂದ ಪ್ರಕರಣ

ಹಿನ್ನೆಲೆ

ಬೆಂಗಳೂರಿನ ಸ್ವಂತ ಮನೆಗಳಲ್ಲಿ ನೀರಿನ ವ್ಯವಸ್ಥೆ ಎರಡು ಹಂತದ್ದು. ಕಾವೇರಿ ನೀರು ಬಿಟ್ಟಾಗ ಸಂಪು ತುಂಬುತ್ತದೆ, ಅಲ್ಲಿಂದ ಮೋಟರ್ ಹಾಕಿ ತಾರಸಿಯ ಟ್ಯಾಂಕಿಗೆ ಏರಿಸಬೇಕು. ಹಾಕಿದ್ದನ್ನು ಮರೆತರೆ ನೀರು ಮೇಲಿಂದ ಸುರಿದು ಬೀದಿ ಪಾಲು. ಸಂಪು ಬರಿದಾದ ಮೇಲೂ ಮೋಟರ್ ಓಡಿದರೆ ಸೀಲ್ ಸುಟ್ಟು ಮೆಕ್ಯಾನಿಕ್ ಬರಬೇಕಾಗುತ್ತದೆ. ಈ ಎರಡನ್ನೂ ತಪ್ಪಿಸಲು ನಗರದ ಕೆಲವು ಹವ್ಯಾಸಿಗಳು ಸೇರಿ ಒಂದು ಫರ್ಮ್‌ವೇರ್ (ಚಿಪ್ಪಿನೊಳಗೆ ಕೂತು ಸಾಧನವನ್ನು ನಡೆಸುವ ಪ್ರೋಗ್ರಾಮ್) ಬರೆದು, ಯಾರು ಬೇಕಾದರೂ ಓದಿ ತಿದ್ದಬಹುದಾದ ಓಪನ್ ಸೋರ್ಸ್ ಆಗಿ ಬಿಟ್ಟರು. ಬೇಕಾದ ಸಾಮಾನು ಎಸ್.ಪಿ. ರಸ್ತೆಯಲ್ಲಿ ಒಂದೇ ಸುತ್ತಿಗೆ ಸಿಗುವಂಥದ್ದು: ವೈಫೈ ಸಮೇತದ ಇಎಸ್‌ಪಿ8266 ಚಿಪ್ ಇರುವ ನೋಡ್‌ಎಂಸಿಯು ಬೋರ್ಡ್, ಚಿಪ್ಪಿನ ಸಂಕೇತಕ್ಕೆ ಕರೆಂಟ್ ಹಾಕಿ ತೆಗೆಯುವ 5 ವೋಲ್ಟ್ ರಿಲೇ ಮಾಡ್ಯೂಲ್, ಪ್ರತಿಧ್ವನಿಯಿಂದ ನೀರಿನ ಮಟ್ಟ ಅಳೆಯಲು ಜೆಎಸ್‌ಎನ್-ಎಸ್‌ಆರ್04ಟಿ ಅಲ್ಟ್ರಾಸೋನಿಕ್ ಸೆನ್ಸರ್, ಹರಿವು ನೋಡಲು ವೈಎಫ್-ಎಸ್201 ಫ್ಲೋ ಸೆನ್ಸರ್.

2024ರ ಬೇಸಿಗೆಯಲ್ಲಿ ನಗರದ ಬೋರ್‌ವೆಲ್‌ಗಳು ಸಾಲುಸಾಲಾಗಿ ಬತ್ತಿ, ಒಂದು ಟ್ಯಾಂಕರ್‌ಗಾಗಿ ಜನ ದಿನಗಟ್ಟಲೆ ಕಾದರು. ಇಂಥ ಹೊತ್ತಿನಲ್ಲಿ ಸಂಪಿನಲ್ಲಿ ಎಷ್ಟು ನೀರಿದೆ ಎಂದು ಫೋನಿನಲ್ಲೇ ತೋರಿಸುವ ಸಾಧನ ಯಾರಿಗೆ ಬೇಡ? ಯೋಜನೆ ಬರೆದವರ ಗೆಳೆಯರ ಬಳಗ ದಾಟಿ ಅಪರಿಚಿತರ ಮನೆಗಳಿಗೆ ಹೋಯಿತು. ಬಳಕೆದಾರರ ಜತೆಗೆ ಕೋಡ್ ಕಳಿಸುವವರೂ ಹೆಚ್ಚಿದರು. ಒಬ್ಬರಿಗೆ ಎರಡು ಟ್ಯಾಂಕ್ ಬೇಕು, ಇನ್ನೊಬ್ಬರಿಗೆ ಬೋರ್‌ವೆಲ್ ಮತ್ತು ಸಂಪು ಎರಡಕ್ಕೂ ಬೇರೆ ಮೋಟರ್, ಮತ್ತೊಬ್ಬರಿಗೆ ಬೇರೆ ಬೋರ್ಡ್. ಬಂದದ್ದನ್ನೆಲ್ಲ ಸೇರಿಸುತ್ತ ಹೋದದ್ದರಿಂದ ಮುಖ್ಯ ಕಡತವೊಂದೇ ಸಾವಿರಾರು ಸಾಲಿಗೆ ಬೆಳೆಯಿತು, ತುಂಬ ಗ್ಲೋಬಲ್ ವೇರಿಯಬಲ್‌ಗಳು (ಕೋಡಿನ ಯಾವ ಭಾಗವೂ ಬದಲಿಸಬಹುದಾದ ಮೌಲ್ಯಗಳು), ಬೋರ್ಡಿಗೊಂದು ಷರತ್ತಿನ ತುಣುಕು.

ಯೋಜನೆಯ ಹೆಸರನ್ನೂ ಮೂವರು ನಿರ್ವಾಹಕರ ಗುರುತನ್ನೂ ಇಲ್ಲಿ ಕೊಟ್ಟಿಲ್ಲ. ಗುರುತು ಹಿಡಿಯಬಹುದಾದ ಸಣ್ಣ ವಿವರಗಳನ್ನು ಬದಲಿಸಲಾಗಿದೆ. ಯೋಜನೆ ಶುರು ಮಾಡಿದವರನ್ನು ಸ್ಥಾಪಕರು ಎಂದೂ, ನಂತರ ಸೇರಿದ ಎಂಬೆಡೆಡ್ ಎಂಜಿನಿಯರ್ ಒಬ್ಬರನ್ನು ಎರಡನೇ ನಿರ್ವಾಹಕಿ ಎಂದೂ ಕರೆಯಲಾಗಿದೆ. ಮೂರನೆಯವರು ಕೈಪಿಡಿ ಮತ್ತು ಬಳಕೆದಾರರ ಪ್ರಶ್ನೆಗಳನ್ನು ನೋಡಿಕೊಳ್ಳುತ್ತಿದ್ದರು.

ಸಮಸ್ಯೆ

ದೂರುಗಳಲ್ಲಿ ಹೆಚ್ಚಿನವು ಒಂದೇ ಸಾಲಿನವು: ‘ಹ್ಯಾಂಗ್ ಆಗಿದೆ’, ‘ತಾನಾಗಿ ರೀಸ್ಟಾರ್ಟ್ ಆಗುತ್ತಿದೆ’, ‘ರಾತ್ರಿಯೆಲ್ಲ ಮೋಟರ್ ಓಡಿದೆ’. ಇವನ್ನು ಓದಿ ಯಾರೂ ಏನನ್ನೂ ಸರಿಪಡಿಸಲಾರರು. ಆದರೂ ಸರಿಪಡಿಸಲು ಹೊರಟದ್ದೇ ಮೊದಲ ಎಡವಟ್ಟು.

ಸಾಧನ ಕೆಲವು ದಿನ ಓಡಿದ ಮೇಲೆ ಕೈಕೊಡುತ್ತದೆ, ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ ಎಂಬುದು ಎಲ್ಲರ ಅನುಭವವಾಗಿತ್ತು. ಹಾಗಾಗಿ ಒಬ್ಬ ಕೊಡುಗೆದಾರರು ದಿನಾ ಬೆಳಗಿನ ಜಾವ 3 ಗಂಟೆಗೆ ತಾನಾಗಿ ರೀಸ್ಟಾರ್ಟ್ ಆಗುವ ನಾಲ್ಕು ಸಾಲು ಬರೆದರು, ಸ್ಥಾಪಕರು ಒಪ್ಪಿ ಸೇರಿಸಿದರು. ಮೇಲ್ನೋಟಕ್ಕೆ ನಿರುಪದ್ರವಿ ತಿದ್ದುಪಡಿ. ಹ್ಯಾಂಗ್ ದೂರುಗಳು ಕಡಿಮೆಯಾದವು, ಅವುಗಳ ಜಾಗದಲ್ಲಿ ಕೆಟ್ಟದಾದ ಇನ್ನೊಂದು ಬಗೆಯ ದೂರು ಬಂತು: ಮೋಟರ್ ನೀರಿಲ್ಲದೆ ಒಣಗಿ ಓಡಿದೆ.

ಕಾರಣ ಹೀಗೆ. ಅನೇಕ ಬಡಾವಣೆಗಳಲ್ಲಿ ನೀರು ಬಿಡುವುದು ಅಪರಾತ್ರಿಯಲ್ಲಿ. 3 ಗಂಟೆಗೆ ಮೋಟರ್ ಓಡುತ್ತಿರುವುದೂ ಉಂಟು. ‘ಇಷ್ಟು ನಿಮಿಷಕ್ಕಿಂತ ಹೆಚ್ಚು ಓಡಬಾರದು’ ಎಂಬ ಮಿತಿಯ ಲೆಕ್ಕ ತಾತ್ಕಾಲಿಕ ಮೆಮೊರಿಯಾದ ರ್‍ಯಾಮ್‌ನಲ್ಲಿ ಇರುತ್ತಿದ್ದುದರಿಂದ ರೀಸ್ಟಾರ್ಟ್ ಆದೊಡನೆ ಅಳಿಸಿಹೋಗಿ ಸೊನ್ನೆಯಿಂದ ಶುರುವಾಗುತ್ತಿತ್ತು. ಒಣ ಓಟ ಕಂಡು ಹಾಕಿದ್ದ ತಡೆಯೂ ಅದೇ ರ್‍ಯಾಮ್‌ನಲ್ಲಿದ್ದದ್ದರಿಂದ ಅದೂ ಮಾಯ. ಸಂಪು ಖಾಲಿ ಎಂದು 2 ಗಂಟೆಗೆ ನಿಲ್ಲಿಸಿದ್ದ ಮೋಟರನ್ನು 3 ಗಂಟೆಗೆ ಹೊಸದಾಗಿ ಎಚ್ಚೆತ್ತ ಸಾಧನ ಮತ್ತೆ ಹಾಕುತ್ತಿತ್ತು.

ಇದರ ಮೇಲೆ ಪಿನ್ನುಗಳ ತೊಂದರೆ. ಇಎಸ್‌ಪಿ8266 ಎಚ್ಚರವಾಗುವ ಕ್ಷಣದಲ್ಲಿ ಎಲ್ಲ ಪಿನ್ನುಗಳೂ (ಹೊರಗಿನ ಸಾಧನಗಳಿಗೆ ತಂತಿ ಕೂಡಿಸುವ, ಜಿಪಿಐಒ ಎಂದು ಸಂಖ್ಯೆ ಹಾಕಿದ ಕಾಲುಗಳು) ಸುಮ್ಮನಿರುವುದಿಲ್ಲ. ಜಿಪಿಐಒ 16 ಬೂಟ್ ಆಗುವಾಗ, ಅಂದರೆ ಎಚ್ಚರವಾಗುವಾಗ, ಹೈ (ವೋಲ್ಟೇಜ್ ಇರುವ ಸ್ಥಿತಿ) ಇರುತ್ತದೆ; ಜಿಪಿಐಒ 2ರಲ್ಲಿ ಬೂಟ್ ಸಂದೇಶಗಳು ಸೀರಿಯಲ್ ರೂಪದಲ್ಲಿ ಹೊರಬರುತ್ತವೆ. ಜಿಪಿಐಒ 0 ಲೋ (ವೋಲ್ಟೇಜ್ ಇಲ್ಲದ ಸ್ಥಿತಿ) ಇದ್ದರೆ ಚಿಪ್ ಪ್ರೋಗ್ರಾಮ್ ಹಾಕಿಸಿಕೊಳ್ಳುವ ಸ್ಥಿತಿಗೆ ಹೋಗಿ ಕೂತುಬಿಡುತ್ತದೆ, ಜಿಪಿಐಒ 15 ಲೋ ಇರಲೇಬೇಕು. ಹಳೆಯ ಕೈಪಿಡಿಯ ಚಿತ್ರದಲ್ಲಿ ರಿಲೇಯನ್ನು ಬೋರ್ಡಿನ ಡಿ0 ಗುರುತಿಗೆ, ಅಂದರೆ ಜಿಪಿಐಒ 16ಕ್ಕೇ, ಕೊಡಲಾಗಿತ್ತು. ಹೈ ಸಂಕೇತಕ್ಕೆ ಕೂರುವ ರಿಲೇ ಹಾಕಿದವರ ಮನೆಯಲ್ಲಿ ಪ್ರತಿ ರೀಸ್ಟಾರ್ಟಿಗೂ ಮೋಟರ್ ಒಮ್ಮೆ ಮಿಡುಕುತ್ತಿತ್ತು. ರಿಲೇಗೆ ಸೂಕ್ತವಾದವು ಡಿ1 ಮತ್ತು ಡಿ2, ಅಂದರೆ ಜಿಪಿಐಒ 5 ಮತ್ತು 4.

ರೀಸ್ಟಾರ್ಟ್ ಸಾಲುಗಳನ್ನು ತೆಗೆದುಹಾಕುವ ಪ್ರಸ್ತಾಪ ಎರಡನೇ ನಿರ್ವಾಹಕಿಯದು. ಅದನ್ನು ತೆಗೆದರೆ ಹಳೇ ದೂರುಗಳು ಮರಳುತ್ತವೆ ಎಂಬ ಸ್ಥಾಪಕರ ಆತಂಕ ಸುಳ್ಳೇನಲ್ಲ. ಕೊನೆಗೆ ಆದ ಒಪ್ಪಂದ ಹೀಗಿತ್ತು: ರೀಸ್ಟಾರ್ಟ್ ತೆಗೆಯುವುದು, ಜತೆಗೆ ಅದೇ ಬಿಡುಗಡೆಯಲ್ಲಿ ಸಾಧನ ತಾನೇಕೆ ಬಿದ್ದೆ ಎಂದು ತಾನೇ ಹೇಳುವಂತೆ ಮಾಡುವುದು, ಮತ್ತು ಅಲ್ಲಿಯತನಕ ಹೊಸ ಸೌಲಭ್ಯ ಯಾವುದನ್ನೂ ಸೇರಿಸದಿರುವುದು.

ಬಿದ್ದ ಕಾರಣ ಬರೆದಿಡುವುದು

ಇಎಸ್‌ಪಿ8266ರಲ್ಲಿ ರೀಸೆಟ್ ಕಾರಣ ತಿಳಿಸುವ ಸೌಲಭ್ಯ ಮೊದಲಿಂದಲೂ ಇದೆ, ಯೋಜನೆ ಅದನ್ನು ಬಳಸಿರಲಿಲ್ಲ ಅಷ್ಟೆ. 0 ಎಂದರೆ ಕರೆಂಟ್ ಬಂದು ಶುರುವಾದದ್ದು, 1 ಹಾರ್ಡ್‌ವೇರ್ ವಾಚ್‌ಡಾಗ್ (ಪ್ರೋಗ್ರಾಮ್ ಸಿಕ್ಕಿಕೊಂಡಾಗ ಚಿಪ್ಪನ್ನು ರೀಸೆಟ್ ಮಾಡುವ ಕಾವಲು), 2 ಎಕ್ಸೆಪ್ಷನ್ (ಪ್ರೋಗ್ರಾಮ್ ಮುಂದುವರಿಯಲಾಗದ ತಪ್ಪು), 3 ಸಾಫ್ಟ್‌ವೇರ್ ವಾಚ್‌ಡಾಗ್, 4 ಪ್ರೋಗ್ರಾಮೇ ಕೇಳಿ ಮಾಡಿದ ರೀಸ್ಟಾರ್ಟ್, 6 ರೀಸೆಟ್ ಗುಂಡಿ ಅಥವಾ ಹೊರಗಿನ ಸಂಕೇತ. ಚಿಪ್ಪಿನ ಆರ್‌ಟಿಸಿ ಮೆಮೊರಿಯಲ್ಲಿ ಬಳಕೆದಾರರಿಗೆ 512 ಬೈಟ್ ಜಾಗವಿದೆ. ಇದು ರೀಸೆಟ್ ಆದರೂ ಉಳಿಯುತ್ತದೆ, ಕರೆಂಟ್ ಹೋದರೆ ಮಾತ್ರ ಅಳಿಯುತ್ತದೆ. ಅಲ್ಲಿ ನಾಲ್ಕು ಸಂಗತಿ ಬರೆಯುವಂತೆ ಮಾಡಿದರು: ಕೊನೆಯ ಕೆಲಸ ಯಾವುದು (ರಿಲೇ ಎತ್ತಿದ್ದು, ವೈಫೈ ಜೋಡಣೆ, ಪುಟ ಕಳಿಸಿದ್ದು, ಸೆಟ್ಟಿಂಗ್ ಉಳಿಸಿದ್ದು), ಆ ಕ್ಷಣಕ್ಕೆ ಖಾಲಿ ಇದ್ದ ಹೀಪ್ (ಓಡುವಾಗ ಪ್ರೋಗ್ರಾಮ್ ಬೇಕಾದಷ್ಟು ಕೇಳಿ ಪಡೆಯುವ ಮೆಮೊರಿ), ಅದರಲ್ಲಿ ಒಟ್ಟಿಗೆ ಸಿಗುವ ದೊಡ್ಡ ತುಂಡು, ಮತ್ತು ಎಷ್ಟು ಹೊತ್ತಿನಿಂದ ಓಡುತ್ತಿತ್ತು. ಎಲ್ಲದರ ಕೊನೆಗೆ ಒಂದು ಸಿಆರ್‌ಸಿ, ಅಂದರೆ ದಾಖಲೆ ಕೆಟ್ಟಿಲ್ಲವೆಂದು ತಾಳೆ ನೋಡುವ ಸಂಖ್ಯೆ. ಅದು ತಾಳೆಯಾಗದಿದ್ದರೆ ಆ ದಾಖಲೆಯನ್ನು ನಂಬುವುದಿಲ್ಲ.

ಪ್ರತಿ ಬಿಡುಗಡೆಯ ಎಲ್ಫ್ ಕಡತವನ್ನೂ (ಕಂಪೈಲರ್ ಕೊಡುವ, ಮೆಮೊರಿ ವಿಳಾಸಕ್ಕೂ ಕೋಡಿನ ಸಾಲಿಗೂ ನಂಟು ಹೇಳುವ ಕಡತ) ತೆಗೆದಿಡಲು ಶುರು ಮಾಡಿದರು. ಎಕ್ಸೆಪ್ಷನ್ ಆದಾಗ ಬರುವ ಸ್ಟ್ಯಾಕ್ ವಿಳಾಸಗಳನ್ನು (ಯಾವ ಫಂಕ್ಷನ್ ಯಾವುದನ್ನು ಕರೆದಿತ್ತೆಂಬ ಜಾಡು) ಸಾಲಿನ ಸಂಖ್ಯೆಗೆ ಇಳಿಸಲು ಅದೇ ಬಿಲ್ಡಿನ (ಕಂಪೈಲ್ ಮಾಡಿದ ಪ್ರತಿಯ) ಎಲ್ಫ್ ಬೇಕು. ಆಮೇಲೆ ಅದೇ ಕೋಡಿನಿಂದ ಮತ್ತೆ ಕಟ್ಟಿದರೆ ವಿಳಾಸ ಸರಿಹೋಗುತ್ತದೆ ಎಂಬ ಖಾತರಿಯಿಲ್ಲ, ಕಂಪೈಲರ್ ಅಥವಾ ಲೈಬ್ರರಿ ಒಂದು ಹೆಜ್ಜೆ ಬದಲಾಗಿದ್ದರೂ ತಾಳ ತಪ್ಪುತ್ತದೆ.

ದೂರು ನಮೂನೆಯನ್ನೂ ಬದಲಿಸಿದರು. ಈ ನಾಲ್ಕು ಸಂಗತಿ ಇರುವ ಪುಟದ ಪ್ರತಿ ಮತ್ತು ವಿದ್ಯುತ್ ಸರಬರಾಜಿನ ಫೋಟೊ ಇಲ್ಲದ ದೂರನ್ನು ಮುಚ್ಚುವುದಿಲ್ಲ, ಆದರೆ ‘ಮಾಹಿತಿ ಬೇಕು’ ಎಂಬ ಪಟ್ಟಿಗೆ ಸರಿಸುವುದು. ಫೋಟೊ ಕೇಳುವುದು ಅತಿಯಾಯಿತೆಂದು ಕೆಲವರು ಗೊಣಗಿದರು. ಇಡೀ ಪ್ರಕರಣದಲ್ಲಿ ಹೆಚ್ಚು ಕೆಲಸಕ್ಕೆ ಬಂದದ್ದು ಆ ಫೋಟೊಗಳೇ.

ಮೊದಲ ತಿರುವು: ಕೋಡಿನದ್ದಲ್ಲದ ತಪ್ಪು

ದಾಖಲೆಗಳು ಬರತೊಡಗಿದಾಗ ದೂರುಗಳು ತಾವಾಗಿ ಗುಂಪಾದವು. ಒಂದು ದೊಡ್ಡ ಗುಂಪಿನಲ್ಲಿ ಕೊನೆಯ ಕೆಲಸ ‘ರಿಲೇ ಬಿಟ್ಟದ್ದು’, ರೀಸೆಟ್ ಕಾರಣ ಒಮ್ಮೊಮ್ಮೆ ವಾಚ್‌ಡಾಗ್, ಒಮ್ಮೊಮ್ಮೆ ಮನೆಯಲ್ಲಿ ಕರೆಂಟ್ ಹೋಗದೆಯೂ 0. ಮೋಟರ್ ನಿಲ್ಲಿಸಿದ ಮರುಕ್ಷಣವೇ ಚಿಪ್ ಬೀಳುತ್ತದೆ ಎಂದರೆ ಹುಡುಕಬೇಕಾದ್ದು ಕೋಡಿನಲ್ಲಲ್ಲ.

ಪರೀಕ್ಷೆಗೆ ನಿರ್ವಾಹಕರು ಮೇಜಿನ ಮೇಲೆ ಮೋಟರ್ ಬದಲು ಬಲ್ಬ್ ಕಟ್ಟಿ ನೋಡುತ್ತಿದ್ದರು. ಬಲ್ಬ್ ಸಾವಿರ ಸಲ ಆನ್ ಆಫ್ ಮಾಡಿದರೂ ಏನೂ ಆಗದು, ಯಾಕೆಂದರೆ ಅದು ಬರೀ ಪ್ರತಿರೋಧ. ಅದೇ ಜಾಗಕ್ಕೆ 230 ವೋಲ್ಟಿನ ಕಾಂಟ್ಯಾಕ್ಟರ್ (ಮೋಟರಿನಂಥ ಭಾರಿ ಕರೆಂಟಿಗೆಂದೇ ಇರುವ ದೊಡ್ಡ ರಿಲೇ) ಕಾಯಿಲ್ ಇಟ್ಟದ್ದೇ ತಡ, ತೊಂದರೆ ಮೇಜಿನ ಮೇಲೇ ಕಾಣಿಸಿಕೊಂಡಿತು. ಕಾಯಿಲ್‌ನ ಕರೆಂಟ್ ಕಡಿದಾಗ ಏಳುವ ವೋಲ್ಟೇಜ್ ರಿಲೇ ಕಾಂಟ್ಯಾಕ್ಟಿನಲ್ಲಿ ಕಿಡಿ ಎಬ್ಬಿಸಿ, ಹತ್ತಿರದ ತಂತಿಗಳ ಮೂಲಕ ಬೋರ್ಡಿಗೆ ಹೊಕ್ಕುತ್ತದೆ. ಕಾಯಿಲ್‌ಗೆ ಅಡ್ಡಲಾಗಿ 100 ಓಮ್‌ನ ರೆಸಿಸ್ಟರ್ ಮತ್ತು 0.1 ಮೈಕ್ರೊಫ್ಯಾರಡ್‌ನ ಎಕ್ಸ್2 ದರ್ಜೆಯ ಕೆಪ್ಯಾಸಿಟರ್ ಸೇರಿದ, ಆ ವೋಲ್ಟೇಜನ್ನು ಹೀರಿಕೊಳ್ಳುವ ಸ್ನಬ್ಬರ್ ಹಾಕಿದರು. ಸೆನ್ಸರ್ ತಂತಿಯನ್ನು 230 ವೋಲ್ಟಿನ ತಂತಿಯೊಂದಿಗೆ ಒಂದೇ ಪೈಪಿನಲ್ಲಿ ಎಳೆಯಬೇಡಿ ಎಂದು ಕೈಪಿಡಿಯಲ್ಲಿ ಬರೆದರು. ಸಾಮಾನ್ಯ ಕೆಪ್ಯಾಸಿಟರ್ ಹಾಕಿದರೆ ಆಗದೇ ಎಂದು ಕೇಳುವವರಿಗೆ ಉತ್ತರ ಒಂದೇ: ಆಗದು. ಮೇನ್ಸ್‌ಗೆ (230 ವೋಲ್ಟ್ ಸಾಲಿಗೆ) ಅಡ್ಡ ಕೂರುವುದು ಎಕ್ಸ್2 ದರ್ಜೆಯದ್ದೇ ಆಗಿರಬೇಕು, ಬೇರೆಯದು ಕೆಟ್ಟಾಗ ಉರಿಯಬಹುದು.

ಇನ್ನೊಂದು ಗುಂಪಿನ ಫೋಟೊಗಳಲ್ಲಿ ಹಳೇ ಫೋನ್ ಚಾರ್ಜರ್ ಮತ್ತು ಉದ್ದನೆಯ ತೆಳು ಯುಎಸ್‌ಬಿ ವೈರ್. ಇಎಸ್‌ಪಿ8266 ವೈಫೈಯಲ್ಲಿ ಕಳಿಸುವಾಗ ಕ್ಷಣಮಾತ್ರ 300 ಮಿಲಿಆಂಪಿಗೂ ಹೆಚ್ಚು ಎಳೆಯುತ್ತದೆ. ಸಾಮಾನ್ಯ 5 ವೋಲ್ಟ್ ರಿಲೇಯ ಕಾಯಿಲ್ ಸುಮಾರು 70 ಮಿಲಿಆಂಪ್. ಎರಡೂ ಒಟ್ಟಿಗೆ ಬಂದರೆ ತೆಳು ವೈರಿನಲ್ಲೇ ವೋಲ್ಟೇಜ್ ಕುಸಿಯುತ್ತದೆ. ಬೋರ್ಡಿನ 5 ವೋಲ್ಟ್ ಪಿನ್ನಿನ ಪಕ್ಕದಲ್ಲೇ 470 ಮೈಕ್ರೊಫ್ಯಾರಡ್ ಕೆಪ್ಯಾಸಿಟರ್, ಗಿಡ್ಡ ದಪ್ಪ ವೈರ್, 1 ಆಂಪ್ ಕೊಡುವ ಸರಬರಾಜು ಎಂದು ಬದಲಿಸಿದ ಮೇಲೆ ಈ ಗುಂಪೂ ಕರಗಿತು.

ಇಲ್ಲಿ ಕಂಡುಬಂದ ಇನ್ನೊಂದು ಅಂಶವನ್ನು ಹೇಳಲೇಬೇಕು. ಕೆಲವರು 10 ಆಂಪ್ ಎಂದು ಬರೆದ ರಿಲೇಯಿಂದಲೇ 1 ಎಚ್‌ಪಿ ಮೋಟರ್ ನೇರವಾಗಿ ಓಡಿಸುತ್ತಿದ್ದರು. ಮೋಟರ್ ಶುರುವಾಗುವಾಗ ಎಳೆಯುವ ಕರೆಂಟ್ ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು. ರಿಲೇಯ ಕಾಂಟ್ಯಾಕ್ಟ್ ಬೆಸೆದುಕೊಂಡರೆ ಫರ್ಮ್‌ವೇರ್ ‘ಆಫ್’ ಎಂದು ತೋರಿಸುತ್ತಿದ್ದರೂ ಮೋಟರ್ ಓಡುತ್ತಲೇ ಇರುತ್ತದೆ. ಅದಕ್ಕೇ ನಡುವೆ ಕಾಂಟ್ಯಾಕ್ಟರ್ ಕಡ್ಡಾಯ ಮಾಡಿದರು, ಅದರ ಆಕ್ಸಿಲಿಯರಿ ಕಾಂಟ್ಯಾಕ್ಟನ್ನು (ಮುಖ್ಯ ಕಾಂಟ್ಯಾಕ್ಟಿನ ಜತೆಗೇ ಮುಚ್ಚಿ ತೆರೆಯುವ ಸಣ್ಣ ಸ್ವಿಚ್) ಬೋರ್ಡಿಗೆ ಮರಳಿ ಕೊಟ್ಟು ‘ಹೇಳಿದ್ದು’ ಮತ್ತು ‘ಆದದ್ದು’ ತಾಳೆ ನೋಡುವಂತೆ ಮಾಡಿದರು. ಈ ವೈರಿಂಗ್ ಎಲೆಕ್ಟ್ರಿಷಿಯನ್ ಕೆಲಸ, ಹವ್ಯಾಸಿಯದ್ದಲ್ಲ.

ಎರಡನೇ ತಿರುವು: ಪೂರ್ತಿ ಹೊಸದಾಗಿ ಬರೆಯಬೇಕೇ?

ವಿದ್ಯುತ್ತಿನ ತೊಂದರೆ ಕಳೆದರೂ ಕೋಡಿನ ತೊಂದರೆಗಳು ಉಳಿದವು. ಇನ್ನೂ ಶಕ್ತಿಯುತ ಚಿಪ್ ಆದ ಇಎಸ್‌ಪಿ32ಕ್ಕೆ ಹೋಗಿ, ಹಲವು ಕೆಲಸಗಳನ್ನು ಸರದಿಯಲ್ಲಿ ನಡೆಸುವ ಸಣ್ಣ ಕಾರ್ಯವ್ಯವಸ್ಥೆಯಾದ ಫ್ರೀಆರ್‌ಟಿಒಎಸ್ ಮೇಲೆ ಎಲ್ಲವನ್ನೂ ಹೊಸದಾಗಿ ಬರೆಯೋಣ ಎಂದು ಒಬ್ಬ ಸಮರ್ಥ ಕೊಡುಗೆದಾರರು ವಾದಿಸಿದರು, ಅರ್ಧ ಬರೆದೂ ತೋರಿಸಿದರು. ಬರೆದದ್ದು ಚೊಕ್ಕವಾಗಿತ್ತು. ಆದರೂ ನಿರ್ವಾಹಕರು ಒಪ್ಪಲಿಲ್ಲ. ಜನರ ಮನೆಯಲ್ಲಿ ಗೋಡೆಗೆ ಹತ್ತಿರುವುದು 8266. ಆ ಸಾಧನಗಳು ಅನಾಥವಾಗುತ್ತವೆ. ಜತೆಗೆ, ಹಳೇ ಕೋಡಿನ ಎಷ್ಟೋ ವಿಚಿತ್ರ ಸಾಲುಗಳ ಹಿಂದೆ ಯಾವುದೋ ಮನೆಯ ನಿಜವಾದ ತೊಂದರೆಯಿತ್ತು. ಅದು ಯಾವುದೆಂದು ಬರೆದಿಡದೆ ಹೊಸದು ಬರೆದರೆ ಅವೆಲ್ಲ ಒಂದೊಂದಾಗಿ ಮತ್ತೆ ಬರುತ್ತವೆ.

ಅವರು ಹಿಡಿದ ದಾರಿ ನಿಧಾನದ್ದು. ‘ಮೋಟರ್ ಹಾಕಬೇಕೋ ಬೇಡವೋ’ ಎಂಬ ತೀರ್ಮಾನವನ್ನು ಮಾತ್ರ ಮುಖ್ಯ ಕಡತದಿಂದ ಕಿತ್ತು ಬೇರೆ ಮಾಡುವುದು. ಒಳಗೆ ಬರುವುದು ನೀರಿನ ಮಟ್ಟ, ಹರಿವು, ಈಗಿನ ಹೊತ್ತು, ಬಳಕೆದಾರರ ಕೋರಿಕೆ. ಹೊರಗೆ ಹೋಗುವುದು ರಿಲೇಯ ಸ್ಥಿತಿ ಮತ್ತು ಅದಕ್ಕೊಂದು ಕಾರಣ. ಈ ಭಾಗ ಪಿನ್ ಮುಟ್ಟುವುದಿಲ್ಲ, ವೈಫೈ ತಿಳಿಯದು, ಗಡಿಯಾರವನ್ನೂ ತಾನಾಗಿ ಓದದು, ಹೊತ್ತನ್ನು ಹೊರಗಿನವರು ಕೊಡಬೇಕು. ಹಾಗಾಗಿ ಅದನ್ನು ಲ್ಯಾಪ್‌ಟಾಪಿನಲ್ಲೇ ಕಂಪೈಲ್ ಮಾಡಿ ಓಡಿಸಬಹುದು. ಫರ್ಮ್‌ವೇರ್ ಕಟ್ಟುವ ಉಪಕರಣವಾದ ಪ್ಲಾಟ್‌ಫಾರ್ಮ್‌ಐಒದ ನೇಟಿವ್ (ಲ್ಯಾಪ್‌ಟಾಪಿನಲ್ಲೇ ಓಡುವ) ಪರಿಸರದಲ್ಲಿ, ಯೂನಿಟಿ ಎಂಬ ಪರೀಕ್ಷಾ ಲೈಬ್ರರಿಯ ಪರೀಕ್ಷೆಗಳಾಗಿ ಬರೆದರೆ ಬೋರ್ಡೇ ಬೇಡ.

ಮೊದಲು ಬರೆದ ಪರೀಕ್ಷೆಗಳು ಸರಿಯಾದ ನಡವಳಿಕೆಯನ್ನಲ್ಲ, ಇದ್ದ ನಡವಳಿಕೆಯನ್ನು ಹಿಡಿದಿಟ್ಟವು. ಈ ಕ್ರಮ ಮುಖ್ಯ. ಈಗ ಏನಾಗುತ್ತಿದೆ ಎಂದು ಗಂಟು ಹಾಕಿಕೊಂಡು, ಕೋಡನ್ನು ಸರಿಸಿ, ಏನೂ ಬದಲಾಗಿಲ್ಲ ಎಂದು ಖಚಿತ ಮಾಡಿಕೊಂಡು, ಆಮೇಲೆ ತಪ್ಪನ್ನು ಬೇರೆ ಕಮಿಟ್‌ನಲ್ಲಿ (ಕೋಡಿನ ಇತಿಹಾಸದಲ್ಲಿ ದಾಖಲಾಗುವ ಒಂದು ಬದಲಾವಣೆ) ತಿದ್ದುವುದು. ಸರಿಸುವುದು ಮತ್ತು ತಿದ್ದುವುದು ಒಂದೇ ಕಮಿಟ್‌ನಲ್ಲಿ ಬಂದರೆ ಮುಂದೆ ತಪ್ಪು ಹೊಕ್ಕ ಕಮಿಟ್ ಹುಡುಕುವ ಗಿಟ್ ಬೈಸೆಕ್ಟ್ ಆ ಕಮಿಟ್‌ಗೆ ಬೆರಳು ತೋರಿಸಿದರೂ ಪ್ರಯೋಜನವಿಲ್ಲ.

ಸಿಕ್ಕಿಬಿದ್ದ ತಪ್ಪುಗಳು

ಎಲ್ಲಕ್ಕಿಂತ ಅಪಾಯಕಾರಿ ವೈಫೈ ಜೋಡಣೆಯಲ್ಲಿತ್ತು. ‘ಜೋಡಣೆ ಆಗುವತನಕ ಅರ್ಧರ್ಧ ಸೆಕೆಂಡ್ ಕಾಯುತ್ತಿರು’ ಎಂಬ ಲೂಪ್, ಬಹುತೇಕ ಎಲ್ಲ ಉದಾಹರಣೆ ಕೋಡಿನಲ್ಲೂ ಕಾಣುವಂಥದ್ದು. ಕರೆಂಟ್ ಹೋಗಿ ಬಂದಾಗ ಬೋರ್ಡ್ ಒಂದು ಸೆಕೆಂಡಿನೊಳಗೆ ಎಚ್ಚರ, ರೌಟರ್‌ಗೆ ನಿಮಿಷ ಬೇಕು. ಮೋಟರ್ ಓಡುವಾಗ ರೌಟರ್ ಮಾತ್ರ ಸತ್ತರೆ ಸಾಧನ ಈ ಲೂಪಿನಲ್ಲೇ ಸಿಕ್ಕಿ ನೀರಿನ ಮಟ್ಟ ನೋಡುವುದನ್ನೇ ಬಿಡುತ್ತದೆ, ಟ್ಯಾಂಕ್ ತುಂಬಿ ಹರಿಯುತ್ತದೆ. ವಾಚ್‌ಡಾಗ್ ಏಕೆ ಎಬ್ಬಿಸಲಿಲ್ಲ? ಸಾಫ್ಟ್‌ವೇರ್ ವಾಚ್‌ಡಾಗ್ ಸುಮಾರು 3.2 ಸೆಕೆಂಡಿಗೆ ಎರಗುತ್ತದೆ, ಹಾರ್ಡ್‌ವೇರಿನದು ಸುಮಾರು 8 ಸೆಕೆಂಡಿಗೆ. ಆದರೆ ಆರ್ಡುಯಿನೊದ (ಈ ಕೋಡ್ ಬರೆದಿರುವ ಚೌಕಟ್ಟಿನ) ಡಿಲೇ, ಅಂದರೆ ಕಾಯುವ ಫಂಕ್ಷನ್, ಕರೆದಾಗೆಲ್ಲ ಎರಡಕ್ಕೂ ಮೇವು ಬಿದ್ದು ಎಣಿಕೆ ಸೊನ್ನೆಯಿಂದ ಶುರುವಾಗುತ್ತದೆ. ಸಿಪಿಯು ಬದುಕಿದೆ, ಕೆಲಸ ನಿಂತಿದೆ; ಈ ಸ್ಥಿತಿಯನ್ನು ವಾಚ್‌ಡಾಗ್ ಹಿಡಿಯಲಾರದು. ಲೂಪ್ ತೆಗೆದು, ಪ್ರತಿ ಸುತ್ತಿನಲ್ಲೂ ವೈಫೈ ಸ್ಥಿತಿಯನ್ನು ಒಮ್ಮೆ ನೋಡಿ ಮುಂದೆ ಹೋಗುವಂತೆ, 30 ಸೆಕೆಂಡಿಗೊಮ್ಮೆ ಮಾತ್ರ ಮರುಯತ್ನಿಸುವಂತೆ ಬರೆದರು. ಮೋಟರ್ ತೀರ್ಮಾನ ಸುತ್ತಿನ ಮೊದಲ ಕೆಲಸವಾಯಿತು, ಮಿಕ್ಕದ್ದೆಲ್ಲ ಅದರ ನಂತರ.

ಮೆಮೊರಿಯದು ಇನ್ನೊಂದು ಕತೆ. ಸ್ಥಿತಿ ಪುಟವನ್ನು ಸ್ಟ್ರಿಂಗ್‌ಗಳನ್ನು (ಪಠ್ಯದ ತುಣುಕುಗಳನ್ನು) ಕೂಡಿಸುತ್ತ ಕಟ್ಟುತ್ತಿದ್ದರು. ಪ್ರತಿ ಕೂಡಿಕೆಗೂ ಹೀಪಿನಲ್ಲಿ ಹೊಸ ತುಂಡು, ಹಳೆಯದು ತೂತಾಗಿ ಉಳಿಯುತ್ತದೆ. ಬಸ್ಸಿನಲ್ಲಿ ಎಂಟು ಸೀಟು ಖಾಲಿಯಿದ್ದರೂ ನಾಲ್ವರು ಒಟ್ಟಿಗೆ ಕೂರಲು ಜಾಗವಿಲ್ಲದ ಸ್ಥಿತಿ. ಎನ್‌ಕ್ರಿಪ್ಟ್ ಆದ ಜೋಡಣೆಗೆ ಬೇರ್‌ಎಸ್‌ಎಸ್‌ಎಲ್ ಎಂಬ ಲೈಬ್ರರಿ ಮಾಮೂಲಾಗಿ 16 ಕಿಲೊಬೈಟಿನ ಒಂದೇ ತುಂಡನ್ನು ಕೇಳುತ್ತದೆ. 25 ಕಿಲೊಬೈಟ್ ಖಾಲಿ ತೋರಿಸುತ್ತಿದ್ದರೂ ದೊಡ್ಡ ತುಂಡು 10 ಇದ್ದರೆ ಜೋಡಣೆ ಆಗದು. ಇದಕ್ಕೇ ಒಟ್ಟು ಹೀಪಿನ ಜತೆಗೆ ದೊಡ್ಡ ತುಂಡನ್ನೂ ದಾಖಲಿಸಿದ್ದು. ಸ್ಟ್ರಿಂಗ್‌ನ ಇನ್ನೊಂದು ಕೆಟ್ಟ ಗುಣವೆಂದರೆ ಜಾಗ ಸಿಗದಿದ್ದಾಗ ಅದು ಬೀಳುವುದಿಲ್ಲ, ಕೂಡಿಸದೆ ಸುಮ್ಮನಾಗುತ್ತದೆ. ಫೋನಿಗೆ ಬರುವುದು ಅರ್ಧಕ್ಕೆ ತುಂಡಾದ ಜೇಸನ್ (ಸಾಧನ ಫೋನಿಗೆ ಮಾಹಿತಿ ಕಳಿಸುವ ಪಠ್ಯರೂಪ).

ಪರಿಹಾರವಾಗಿ ಪುಟದ ಸ್ಥಿರ ಭಾಗಗಳನ್ನು ಫ್ಲ್ಯಾಶ್‌ನಲ್ಲೇ (ಕರೆಂಟ್ ಹೋದರೂ ಉಳಿಯುವ ಮೆಮೊರಿ) ಇಟ್ಟು ತುಂಡುತುಂಡಾಗಿ ಕಳಿಸಿದರು. ಬದಲಾಗುವ ಭಾಗಕ್ಕೆ ಒಂದೇ ಸ್ಥಿರ ಬಫರ್ (ಪಠ್ಯ ಕಟ್ಟುವ ಜಾಗ), ಅಳತೆ ಮಿತಿಯೊಂದಿಗೆ ಬರೆಯುವ ಎಸ್‌ಎನ್‌ಪ್ರಿಂಟ್‌ಎಫ್ ಫಂಕ್ಷನ್. ಆ ಬಫರನ್ನು ಮೊದಲು ಫಂಕ್ಷನ್ನಿನ ಒಳಗೆ ಇಟ್ಟಿದ್ದರು, ಸಾಧನ ಇನ್ನೂ ಬೇಗ ಬೀಳತೊಡಗಿತು. ಆರ್ಡುಯಿನೊ ಕೋಡಿಗೆ ಇಲ್ಲಿ ಸಿಗುವ ಸ್ಟ್ಯಾಕ್ (ಫಂಕ್ಷನ್ನುಗಳ ಒಳಗಿನ ಮೌಲ್ಯಗಳಿಗೆ ಮೀಸಲಾದ ಮೆಮೊರಿ) 4 ಕಿಲೊಬೈಟ್ ಮಾತ್ರ, ಅದರೊಳಗೆ 2 ಕಿಲೊಬೈಟಿನ ಬಫರ್ ಇಟ್ಟರೆ ಉಳಿಯುವುದೇನು? ಸ್ಟ್ಯಾಕ್ ಹೊರಗೆ ಕಾಯಂ ಜಾಗ ಕೊಟ್ಟು ಸ್ಟ್ಯಾಟಿಕ್ ಮಾಡಿದಾಗ ಸರಿಯಾಯಿತು.

ಸೆಟ್ಟಿಂಗ್ ಉಳಿಸುವ ಭಾಗದಲ್ಲಿ ಲೆಕ್ಕವೇ ತಪ್ಪಿತ್ತು. ಈ ಚಿಪ್ಪಿನಲ್ಲಿ ಈಪ್ರಾಮ್ (ಸೆಟ್ಟಿಂಗ್ ಉಳಿಸುವ ಸಣ್ಣ ಮೆಮೊರಿ) ಎಂಬುದು ಬೇರೆ ಇಲ್ಲ, ಫ್ಲ್ಯಾಶಿನ 4 ಕಿಲೊಬೈಟಿನ ಒಂದು ಸೆಕ್ಟರನ್ನು ಅಳಿಸಿ ಬರೆಯುವುದಷ್ಟೆ. ನೀರಿನ ಮಟ್ಟವನ್ನು 30 ಸೆಕೆಂಡಿಗೊಮ್ಮೆ ಅಲ್ಲಿಗೇ ಬರೆಯುತ್ತಿದ್ದರು: ದಿನಕ್ಕೆ 2880 ಸಲ. ಒಳ್ಳೆಯ ಫ್ಲ್ಯಾಶ್ ಚಿಪ್ 1,00,000 ಅಳಿಸುವಿಕೆ ತಾಳುತ್ತದೆ ಎಂದುಕೊಂಡರೂ 35 ದಿನದಲ್ಲಿ ಅದರ ಖಾತರಿ ಮುಗಿಯಿತು. ಬರೆಯುವ ನಡುವೆ ಕರೆಂಟ್ ಹೋದರೆ ವೈಫೈ ಪಾಸ್‌ವರ್ಡ್ ಸಮೇತ ಎಲ್ಲ ಮಾಯ. ಮಟ್ಟವನ್ನು ಆರ್‌ಟಿಸಿ ಮೆಮೊರಿಗೆ ಸಾಗಿಸಿ, ಸೆಟ್ಟಿಂಗ್‌ಗಳಿಗೆ ಎರಡು ಸೆಕ್ಟರ್ ಕೊಟ್ಟರು. ಬದಲಾದಾಗ ಮಾತ್ರ, ಸರದಿಯ ಮೇಲೆ, ಕ್ರಮಸಂಖ್ಯೆ ಮತ್ತು ಸಿಆರ್‌ಸಿ ಸಮೇತ ಬರೆಯುವುದು. ಓದುವಾಗ ಸಿಆರ್‌ಸಿ ಸರಿಯಿರುವ ಎರಡರಲ್ಲಿ ಹೊಸದನ್ನು ಆರಿಸುವುದು. ಒಣ ಓಟದ ತಡೆ ಕರೆಂಟ್ ಹೋದರೂ ಉಳಿಯಬೇಕಾದ್ದು, ಅದನ್ನೂ ಇಲ್ಲಿಗೇ ಸೇರಿಸಿದರು. ಅದು ಅಪರೂಪಕ್ಕೆ ಬದಲಾಗುವುದರಿಂದ ಫ್ಲ್ಯಾಶ್ ಸವೆಯುವ ಚಿಂತೆಯಿಲ್ಲ.

ಫ್ಲೋ ಸೆನ್ಸರ್‌ನ ಇಂಟರಪ್ಟ್ ಫಂಕ್ಷನ್ (ಪಲ್ಸ್ ಬಂದೊಡನೆ ಬೇರೆ ಕೆಲಸ ಬಿಟ್ಟು ಓಡುವ ಕೋಡ್), ಫ್ಲ್ಯಾಶ್ ಮುಟ್ಟದೆ ಕೋಡ್ ಓಡಿಸಬಲ್ಲ ಮೆಮೊರಿಯಾದ ಐರ್‍ಯಾಮ್‌ನಲ್ಲಿ ಇರಲಿಲ್ಲ. ಫ್ಲ್ಯಾಶ್‌ಗೆ ಬರೆಯುವ ಹೊತ್ತಿನಲ್ಲೇ ಪಲ್ಸ್ ಬಂದರೆ ಕೋಡನ್ನು ಫ್ಲ್ಯಾಶ್‌ನಿಂದ ಓದಲಾಗದೆ ಚಿಪ್ ಬೀಳುತ್ತದೆ. ಈ ಸೆನ್ಸರ್ ಲೀಟರಿಗೆ ಸುಮಾರು 450 ಪಲ್ಸ್ ಕೊಡುವಂಥದ್ದು, 30 ಸೆಕೆಂಡಿಗೊಮ್ಮೆ ಫ್ಲ್ಯಾಶ್ ಬರೆಯುವುದೂ ಜತೆಗಿತ್ತು, ಡಿಕ್ಕಿ ಆಗದಿದ್ದರೆ ಆಶ್ಚರ್ಯ. ಹೊಸ ಆರ್ಡುಯಿನೊ ಕೋರ್ (ಚಿಪ್ಪಿಗೆ ಆರ್ಡುಯಿನೊ ಒದಗಿಸುವ ಮೂಲ ಲೈಬ್ರರಿ) ಇಂಥ ಫಂಕ್ಷನ್ ಕಂಡೊಡನೆ ಶುರುವಿನಲ್ಲೇ ನಿಲ್ಲಿಸಿಬಿಡುತ್ತದೆ. ಕೋರ್ ಆವೃತ್ತಿಯನ್ನು ಗಟ್ಟಿ ಮಾಡಿರದ ಕಾರಣ, ಹೊಸದಾಗಿ ಕಟ್ಟಿದವರ ಸಾಧನ ಏಳುತ್ತಲೇ ಇರಲಿಲ್ಲ, ಹಳೆಯವರದು ಅಪರೂಪಕ್ಕೆ ಬೀಳುತ್ತಿತ್ತು. ಎರಡೂ ಒಂದೇ ತಪ್ಪು ಎಂದು ಬಹಳ ದಿನ ಯಾರಿಗೂ ಹೊಳೆಯಲಿಲ್ಲ.

ಹೊತ್ತಿನ ಲೆಕ್ಕದ ತಪ್ಪನ್ನು ದಿನದ ರೀಸ್ಟಾರ್ಟ್ ಮುಚ್ಚಿಟ್ಟಿತ್ತು. ಶುರುವಾದಾಗಿಂದ ಕಳೆದ ಮಿಲಿಸೆಕೆಂಡ್ ಲೆಕ್ಕವಿಡುವ ಮಿಲಿಸ್ ಎಣಿಕೆ 32 ಬಿಟ್‌ನದು, 49 ದಿನ 17 ಗಂಟೆಗೆ ಸೊನ್ನೆಗೆ ಮರಳುತ್ತದೆ. ‘ಶುರುವಾದ ಹೊತ್ತು ಕೂಡಿಸು ಅವಧಿ’ ಎಂದು ಗಡುವು ಕಟ್ಟಿ ಈಗಿನ ಹೊತ್ತು ಅದನ್ನು ದಾಟಿತೇ ಎಂದು ನೋಡಿದರೆ, ಮರಳುವ ಹೊತ್ತಿನ ಆಸುಪಾಸಿನಲ್ಲಿ ಆ ಮೊತ್ತವೇ ಸಣ್ಣ ಸಂಖ್ಯೆಯಾಗಿ ಮೋಟರ್ ಹಾಕಿದೊಡನೆ ನಿಲ್ಲುತ್ತದೆ. ‘ಈಗಿನ ಹೊತ್ತು ಕಳೆ ಶುರುವಾದ ಹೊತ್ತು’ ಅವಧಿಗಿಂತ ಹೆಚ್ಚೇ ಎಂದು ಕೇಳಿದರೆ, ಚಿಹ್ನೆಯಿಲ್ಲದ (ಋಣವಾಗದ) ಸಂಖ್ಯೆಗಳಲ್ಲಿ ಎಣಿಕೆ ಮರಳಿದರೂ ಉತ್ತರ ಸರಿಯಿರುತ್ತದೆ. ಪರೀಕ್ಷೆಗೆ 50 ದಿನ ಕಾಯಬೇಕಿಲ್ಲ. ಹೊತ್ತನ್ನು ಹೊರಗಿಂದ ಕೊಡುವ ವ್ಯವಸ್ಥೆ ಆಗಿತ್ತಲ್ಲ, ಎಣಿಕೆ ಮರಳಲು 5 ನಿಮಿಷ ಇರುವಾಗಿಂದ ಶುರು ಮಾಡಿದರು.

ಮೂರನೇ ತಿರುವು: ‘ಗೊತ್ತಿಲ್ಲ’ ಎಂಬ ಉತ್ತರ

ಸೆನ್ಸರ್ ಓದುವ ಫಂಕ್ಷನ್ ಪ್ರತಿಧ್ವನಿ ಬಾರದಿದ್ದರೆ 0 ಕೊಡುತ್ತದೆ. ಹಳೇ ಕೋಡ್ ಅದನ್ನು ದೂರ 0 ಎಂದು ಓದಿ ಟ್ಯಾಂಕ್ ಭರ್ತಿ ಎಂದುಕೊಳ್ಳುತ್ತಿತ್ತು, ಹಾಗಾಗಿ ತಂತಿ ಕಡಿದರೆ ಮೋಟರ್ ಶುರುವಾಗುತ್ತಿರಲಿಲ್ಲ. ಕಿರಿಕಿರಿ ಆದರೂ ಅಪಾಯವಿಲ್ಲ. ಯಾರೋ ಇದನ್ನು ‘ಸರಿಪಡಿಸಿ’, 0 ಬಂದರೆ ಹಿಂದಿನ ಓದನ್ನೇ ಇಟ್ಟುಕೋ ಎಂದು ಬರೆದರು. ಆ ಪುಲ್ ರಿಕ್ವೆಸ್ಟಿಗೆ (ಸೇರಿಸಿಕೊಳ್ಳಿ ಎಂದು ಕಳಿಸಿದ ಬದಲಾವಣೆಗೆ) ಮೆಚ್ಚುಗೆಯೂ ಸಿಕ್ಕಿತ್ತು. ಈಗ ಮೋಟರ್ ಓಡುವಾಗ ತಂತಿ ಕಡಿದರೆ ಮಟ್ಟ ಇದ್ದಲ್ಲೇ ನಿಂತುಬಿಡುತ್ತದೆ, ಮೋಟರ್ ಓಡುತ್ತಲೇ ಇರುತ್ತದೆ.

ಮಟ್ಟ ಎಂಬುದಕ್ಕೆ ಮೌಲ್ಯದ ಜತೆ ‘ನಂಬಬಹುದೇ, ಎಷ್ಟು ಹಳೆಯದು’ ಎಂಬುದೂ ಸೇರಬೇಕು ಎಂದು ತೀರ್ಮಾನವಾಯಿತು. ಐದು ಓದುಗಳನ್ನು ಸಣ್ಣದರಿಂದ ದೊಡ್ಡದಕ್ಕೆ ಜೋಡಿಸಿ ನಡುವಿನದನ್ನು ತೆಗೆದುಕೊಳ್ಳುವುದು, ಐದರಲ್ಲಿ ಮೂರು ವಿಫಲವಾದರೆ ‘ಗೊತ್ತಿಲ್ಲ’. 20 ಸೆಕೆಂಡ್ ಗೊತ್ತಿಲ್ಲದಿದ್ದರೆ ಮೋಟರ್ ನಿಲ್ಲಬೇಕು. ಕಾಯುವ ಮಿತಿಯನ್ನೂ ತಗ್ಗಿಸಿದರು. ಪ್ರತಿಧ್ವನಿಗೆ ಕಾಯುವ ಪಲ್ಸ್‌ಇನ್ ಫಂಕ್ಷನ್ ಮಾಮೂಲಾಗಿ 1 ಸೆಕೆಂಡ್ ಕಾಯುತ್ತದೆ, ಆದರೆ 2 ಮೀಟರ್ ಆಳದ ಟ್ಯಾಂಕಿನಲ್ಲಿ ಧ್ವನಿ ಹೋಗಿ ಬರಲು 12 ಮಿಲಿಸೆಕೆಂಡ್ ಸಾಕು. 30 ಮಿಲಿಸೆಕೆಂಡಿಗೆ ಇಳಿಸಿದ್ದರಿಂದ ಇಡೀ ಸಾಧನ ಚುರುಕಾಯಿತು.

ಈ ಸೆನ್ಸರ್ ಸುಮಾರು 20ರಿಂದ 25 ಸೆಂಟಿಮೀಟರ್ ಒಳಗಿನದನ್ನು ಕಾಣದು. ಟ್ಯಾಂಕಿನ ಮುಚ್ಚಳಕ್ಕೆ ನೇರವಾಗಿ ಕೂರಿಸಿದರೆ, ನೀರು ಆ ಗಡಿ ದಾಟಿದೊಡನೆ ಓದು ಯದ್ವಾತದ್ವಾ ಆಗುತ್ತದೆ, ಒಮ್ಮೊಮ್ಮೆ ‘ಖಾಲಿ’ ಎಂದೂ ತೋರುತ್ತದೆ. ತುಂಬಿದ ಹೊತ್ತಿನಲ್ಲೇ! ತುಂಬಿದ ಮಟ್ಟಕ್ಕಿಂತ 30 ಸೆಂಟಿಮೀಟರ್ ಮೇಲಿರುವಂತೆ ಗಿಡ್ಡ ಪೈಪಿನ ಮೇಲೆ ಕೂರಿಸಲು ಚಿತ್ರ ಸಮೇತ ಬರೆದರು. ಓಡುವ ಮೋಟರಿನಲ್ಲಿ ಮಟ್ಟ ಒಮ್ಮೆಲೇ ಇಳಿದಂತೆ ಕಂಡರೆ ಅದನ್ನೂ ‘ಗೊತ್ತಿಲ್ಲ’ ಎಂದೇ ಎಣಿಸಿದರು.

ಇಷ್ಟಾದರೂ ಫರ್ಮ್‌ವೇರನ್ನು ಪೂರ್ತಿ ನಂಬಬಾರದೆಂದು ಎರಡನೇ ನಿರ್ವಾಹಕಿ ಪಟ್ಟು ಹಿಡಿದರು. ಟ್ಯಾಂಕಿನ ಮೇಲ್ತುದಿಯಲ್ಲಿ ಒಂದು ಫ್ಲೋಟ್ ಸ್ವಿಚ್ (ನೀರಿನಲ್ಲಿ ತೇಲಿ ತೆರೆದು ಮುಚ್ಚುವ ಸ್ವಿಚ್), ಅದು ರಿಲೇ ಕಾಯಿಲ್‌ನ 5 ವೋಲ್ಟ್ ದಾರಿಯಲ್ಲೇ ಸರಣಿಯಾಗಿ. ನೀರು ಅಲ್ಲಿಗೆ ಮುಟ್ಟಿದರೆ ಚಿಪ್ ಏನೇ ಹೇಳಲಿ ರಿಲೇ ಕೂರದು. 230 ವೋಲ್ಟನ್ನು ನೀರಿನ ಟ್ಯಾಂಕಿಗೆ ಒಯ್ಯುವ ಫ್ಲೋಟ್‌ಗಳೂ ಅಂಗಡಿಯಲ್ಲಿ ಸಿಗುತ್ತವೆ, ಆದರೆ 70 ಮಿಲಿಆಂಪಿನ ಕೆಲಸಕ್ಕೆ ಆ ಅಪಾಯ ಏಕೆ? ಓಟದ ಮಿತಿಯನ್ನೂ ಟ್ಯಾಂಕಿನ ಅಳತೆಯಿಂದ ಲೆಕ್ಕ ಹಾಕಿ ಕೇಳುವಂತೆ ಮಾಡಿದರು: 1000 ಲೀಟರ್ ಟ್ಯಾಂಕ್, ನಿಮಿಷಕ್ಕೆ 30 ಲೀಟರ್ ಎತ್ತುವ ಮೋಟರ್ ಎಂದರೆ 33 ನಿಮಿಷ, ಅದರ ಒಂದೂವರೆ ಪಟ್ಟಿಗೆ ಮಿತಿ.

ಕೋಡಿನ ಶಿಸ್ತು, ಜನರ ಮನಸ್ಸು

ಪ್ರತಿ ಪುಲ್ ರಿಕ್ವೆಸ್ಟಿಗೂ ತಾನಾಗಿ ಓಡುವ ತಪಾಸಣೆ ಬಂತು: ಬೆಂಬಲಿತ ಬೋರ್ಡುಗಳಿಗೆಲ್ಲ ಬಿಲ್ಡ್, ನೇಟಿವ್ ಪರೀಕ್ಷೆಗಳು ಅಡ್ರೆಸ್ ಸ್ಯಾನಿಟೈಸರ್ (ಮೆಮೊರಿಯ ಗಡಿ ದಾಟುವುದನ್ನು ಓಡುವಾಗಲೇ ಹಿಡಿಯುವ ಉಪಕರಣ) ಜತೆ, ಕೋಡನ್ನು ಓಡಿಸದೆಯೇ ತಪ್ಪು ಹುಡುಕುವ ಸಿಪಿಪಿಚೆಕ್. ಸ್ಯಾನಿಟೈಸರ್ ಮೊದಲ ಓಟದಲ್ಲೇ ಒಂದನ್ನು ಹಿಡಿಯಿತು. ವೈಫೈ ಹೆಸರು 32 ಬೈಟ್ ಇರಬಹುದು, ಬಫರ್ 32ರದ್ದೇ ಆಗಿತ್ತು, ಪಠ್ಯ ಮುಗಿಯಿತೆಂದು ತಿಳಿಸುವ ಕೊನೆಯ ಸೊನ್ನೆಗೆ ಜಾಗವಿರಲಿಲ್ಲ. ಕಂಪೈಲರ್ ಎಚ್ಚರಿಕೆಗಳನ್ನು ಒಮ್ಮೆಗೇ ದೋಷವೆಂದು ಘೋಷಿಸಿದ್ದರೆ ಯಾರೂ ಏನನ್ನೂ ಸೇರಿಸಲಾಗುತ್ತಿರಲಿಲ್ಲ. ಬೇರ್ಪಡಿಸಿದ ಹೊಸ ಕಡತಗಳಿಗೆ ಮಾತ್ರ ಮೊದಲ ದಿನದಿಂದ ಆ ಕಟ್ಟುನಿಟ್ಟು, ಹಳೇ ಕಡತ ಕರಗುತ್ತ ಹೋದಂತೆ ಉಳಿದದ್ದಕ್ಕೂ. ಇಡೀ ಕೋಡಿಗೆ ಒಂದೇ ಶೈಲಿ ಹಾಕುವ ಕೆಲಸವನ್ನು ಬೇರೆ ಏನೂ ಇಲ್ಲದ ಒಂದೇ ಕಮಿಟ್‌ನಲ್ಲಿ ಮಾಡಿ, ಪ್ರತಿ ಸಾಲನ್ನು ಯಾರು, ಯಾವಾಗ ಬದಲಿಸಿದರೆಂದು ಹೇಳುವ ಗಿಟ್ ಬ್ಲೇಮ್ ಅದನ್ನು ದಾಟಿ ನೋಡುವಂತೆ ಕಡೆಗಣಿಸುವ ಪಟ್ಟಿಗೆ ಹಾಕಿದರು. ಲೈಬ್ರರಿ, ಕೋರ್ ಎಲ್ಲದರ ಆವೃತ್ತಿಯನ್ನೂ ನಿಖರ ಸಂಖ್ಯೆಗೆ ಕಟ್ಟಿದರು.

ಕಷ್ಟವಾದದ್ದು ಬೆಂಬಲ ಕಡಿತ. ನಿರ್ವಾಹಕರ ಕೈಯಲ್ಲಿ ಇಲ್ಲದ, ಪರೀಕ್ಷಿಸಲಾಗದ ಬೋರ್ಡುಗಳನ್ನು ಮುಖ್ಯ ಪಟ್ಟಿಯಿಂದ ತೆಗೆದರು. ಅವನ್ನೇ ನೆಚ್ಚಿದ್ದ ಕೆಲವರು ಸಿಟ್ಟಾಗಿ ಫೋರ್ಕ್ ಮಾಡಿಕೊಂಡು (ಕೋಡಿನ ಪ್ರತಿ ತೆಗೆದು ಬೇರೆ ಯೋಜನೆ ಮಾಡಿ) ಹೋದರು, ಒಳ್ಳೆಯ ಕೊಡುಗೆದಾರರೂ ಅವರಲ್ಲಿದ್ದರು. ಇಎಸ್‌ಪಿ32 ಆವೃತ್ತಿ ಬರೆದವರು ಮಾತ್ರ ಉಳಿದರು. ತೀರ್ಮಾನದ ಭಾಗ ಪಿನ್ ಮುಟ್ಟದ ಕಾರಣ ಅದನ್ನು ಅವರ ಕೋಡ್ ಹಾಗೇ ಬಳಸಿಕೊಂಡಿತು, ಅದೇ ಪರೀಕ್ಷೆಗಳು ಎರಡೂ ಚಿಪ್ಪಿಗೆ ಸಲ್ಲುತ್ತಿವೆ.

ಬಿಡುಗಡೆ ಮತ್ತು ನಂತರ

ಇಎಸ್‌ಪಿ8266ರಲ್ಲಿ ದೂರದಿಂದ ಹಾಕಿದ ಹೊಸ ಫರ್ಮ್‌ವೇರ್ ಕೆಟ್ಟದ್ದಾದರೆ ಹಳೆಯದಕ್ಕೆ ತಾನಾಗಿ ಮರಳುವ ವ್ಯವಸ್ಥೆ ಇಲ್ಲ. ಎಚ್ಚರವಾದೊಡನೆ ಮೊದಲು ಓಡುವ ಬೂಟ್‌ಲೋಡರ್ ಹೊಸದನ್ನು ಹಳೆಯದರ ಮೇಲೇ ನಕಲು ಮಾಡುತ್ತದೆ. ಅದಕ್ಕೇ ಮೊದಲು ನಿರ್ವಾಹಕರ ಮನೆಗಳು, ಆಮೇಲೆ ತಾವಾಗಿ ಮುಂದೆ ಬಂದವರ ಮನೆಗಳು, ಕೊನೆಗೆ ಎಲ್ಲರಿಗೂ ಎಂದು ಹಂತಹಂತವಾಗಿ ಬಿಟ್ಟರು. ಮೋಟರ್ ಓಡುತ್ತಿರುವಾಗ ಅಪ್‌ಡೇಟ್ ಒಪ್ಪದಂತೆಯೂ ಮಾಡಿದರು.

ವೈಫೈ ಹೋದಾಗ ತುಂಬಿ ಹರಿಯುವ ದೂರು ನಿಂತಿತು. ರೀಸೆಟ್‌ಗಳು ಪೂರ್ತಿ ನಿಂತಿಲ್ಲ, ಆದರೆ ಬರುವ ದೂರಿನಲ್ಲಿ ಕಾರಣ, ಕೊನೆಯ ಕೆಲಸ, ಫೋಟೊ ಮೂರೂ ಇರುವುದರಿಂದ ಅನೇಕವನ್ನು ಮೂರನೇ ನಿರ್ವಾಹಕರೇ ಕೋಡ್ ತೆರೆಯದೆ ಬಗೆಹರಿಸುತ್ತಾರೆ. ಸೆನ್ಸರ್ ಮೇಲೆ ಹಬೆ ಕೂತು ಹನಿಗಟ್ಟಿದಾಗ ಸಾಧನ ‘ಗೊತ್ತಿಲ್ಲ’ ಎಂದು ಪದೇಪದೇ ನಿಲ್ಲುವುದು ಈಗಿನ ಮುಖ್ಯ ಗೊಣಗಾಟ. 20 ಸೆಕೆಂಡನ್ನು ಹೆಚ್ಚಿಸಿ ಎಂಬ ಒತ್ತಾಯಕ್ಕೆ ನಿರ್ವಾಹಕರು ಇನ್ನೂ ಮಣಿದಿಲ್ಲ, ಪೈಪಿನ ಇಳಿಜಾರು ಬದಲಿಸಿ ನೋಡುತ್ತಿದ್ದಾರೆ.

ಹೊಸ ಸೌಲಭ್ಯಗಳ ತಡೆ ತೆರೆದಾಗ ಮೊದಲು ಬಂದದ್ದು ಬಹಳ ಹಿಂದೆ ನಿಲ್ಲಿಸಿಟ್ಟಿದ್ದ ಧ್ವನಿ ಸಹಾಯಕದ ಪುಲ್ ರಿಕ್ವೆಸ್ಟ್. ಹಳೇ ರೂಪದಲ್ಲಿ ಅದು ನೇರವಾಗಿ ರಿಲೇ ಪಿನ್ ಎತ್ತುತ್ತಿತ್ತು. ಈಗ ಅದು ತೀರ್ಮಾನದ ಭಾಗಕ್ಕೆ ಒಂದು ಕೋರಿಕೆ ಮಾತ್ರ ಕಳಿಸುತ್ತದೆ. ಸಂಪು ಖಾಲಿ ಇದ್ದರೆ ‘ಮೋಟರ್ ಹಾಕು’ ಎಂದು ಎಷ್ಟು ಗಟ್ಟಿಯಾಗಿ ಹೇಳಿದರೂ ಉತ್ತರ ‘ಇಲ್ಲ, ಹರಿವಿಲ್ಲದೆ ತಡೆ ಬಿದ್ದಿದೆ’. ಈ ಉತ್ತರಕ್ಕೂ ಒಂದು ಪರೀಕ್ಷೆ ಬರೆಯಲಾಗಿದೆ.